ಬಚ್ಚಲೊಲೆಯಲ್ಲಿ ಬೆಂದ ಕಲ್ಲು

ನಮ್ಮ ಮನೆಯ ತೊಟ್ಟಿಲಲ್ಲಿ ನನಗಿಂತ ಮೊದಲು ಮಲಗಿದ್ದು ಒಂದು ಕಲ್ಲು. ಇದು ನನ್ನೊಬ್ಬಳ ಪಾಡಲ್ಲ, ಅಪ್ಪನಿಗೂ ಚಿಕ್ಕಪ್ಪನಿಗೂ ಹಾಗೇ ಆಗಿತ್ತು. ಮಗುವಿಗೆ ಹೆಸರಿಡುವ ದಿನ ಒರಳಿನ ಗುಂಡುಕಲ್ಲನ್ನು ತೊಳೆದು, ಮೂರು ಬೆರಳಲ್ಲಿ ವಿಭೂತಿ ಎಳೆದು, ನೆತ್ತಿಗೊಂದು ಕುಲಾವಿ ತೊಡಿಸಿ ಮೊದಲು ಅದನ್ನು ತೊಟ್ಟಿಲಲ್ಲಿಟ್ಟು ತೂಗುತ್ತಿದ್ದರು. ಆ ಹೊತ್ತಿನ ಮಟ್ಟಿಗೆ ಅದು ಕಲ್ಲಲ್ಲ, ಗುಂಡಪ್ಪ. ಹೆಂಗಸರು ಅದನ್ನು ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸುತ್ತ, ಗುಂಡಪ್ಪನ್ನ ತಕೊ, ಕೂಸನ್ನ ಕೊಡು ಅನ್ನುತ್ತಿದ್ದರು. ಗುಂಡಪ್ಪ ಎದ್ದ ಮೇಲೆ ಆ ಜಾಗಕ್ಕೆ ಮಗು ಬರುತ್ತಿತ್ತು. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ, ಯಾರ ಕಣ್ಣೂ ತಾಗದಿರಲಿ ಅನ್ನುವುದು ಅದರ ಹಿಂದಿನ ಆಸೆ. ಮರುದಿನ ಬೆಳಗ್ಗೆ ಅದೇ ಗುಂಡಪ್ಪ ಕುಲಾವಿ ಕಳಚಿಟ್ಟು ಒರಳಿಗೆ ಮರಳಿ ಸಾರಿನ ಖಾರ ರುಬ್ಬುತ್ತಿದ್ದ. ನನ್ನ ಒಂಬತ್ತನೇ ವಯಸ್ಸಿನಲ್ಲಿ ಆ ಗುಂಡಪ್ಪನನ್ನು ನಾನು ಸುಟ್ಟೆ.

ಜ್ವಾಲಾಮುಖಿಗಳ ಬೆನ್ನು ಹತ್ತಿ ನಲವತ್ತು ವರ್ಷ ತಿರುಗಿದವಳು ನಾನು. ನೆಲದೊಳಗೆ ಕಲ್ಲು ಹೇಗೆ ಕರಗುತ್ತದೆ, ಕರಗಿದ್ದು ಹೇಗೆ ಮೇಲೇರುತ್ತದೆ, ಎಲ್ಲಿ ನಿಂತು ಆರುತ್ತದೆ ಅನ್ನುವುದೇ ನನ್ನ ಕಸುಬು. ಸಭೆಗಳಲ್ಲಿ ಭಾಷಣ ಮುಗಿದ ಮೇಲೆ ಯಾರಾದರೊಬ್ಬರು ಎದ್ದು ನಿಂತು, ಮೇಡಂ, ನಿಮಗೆ ಶಿಲಾಪಾಕದ ಮೇಲೆ ಆಸಕ್ತಿ ಹುಟ್ಟಿದ್ದು ಹೇಗೆ ಅಂತ ಕೇಳಿಯೇ ಕೇಳುತ್ತಾರೆ. ಕಾಲೇಜಿನಲ್ಲಿ ಒಳ್ಳೆಯ ಮೇಷ್ಟ್ರು ಸಿಕ್ಕಿದ್ದರು ಅಂತ ಹೇಳಿ ಕೂರುತ್ತೇನೆ. ಒಳ್ಳೆಯ ಮೇಷ್ಟ್ರು ಸಿಕ್ಕಿದ್ದು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಉತ್ತರ ಒಂದು ವಾರದ ಕತೆ. ಆ ವಾರ ನಾನು ಬಾಯಿ ಬಿಡದೆ ಇದ್ದದ್ದರಿಂದ ಒಬ್ಬ ಬಸುರಿ ಹೆಂಗಸು ಬರಿಮಡಿಲಲ್ಲಿ ಮನೆಯಿಂದ ಹೊರಡುವುದರಲ್ಲಿದ್ದಳು. ಅದನ್ನು ಸಭೆಯಲ್ಲಿ ಹೇಳಲು ಬರುವುದಿಲ್ಲ. ಇಲ್ಲಿ ಹೇಳುತ್ತೇನೆ.

ಮಧುವನಹಳ್ಳಿಯಲ್ಲಿ ನಮ್ಮ ಮನೆ ಊರಿನ ಕೊನೆಯ ಬೀದಿಯಲ್ಲಿತ್ತು. ಮುಂದೆ ಜಗುಲಿ, ಒಳಗೆ ಪಡಸಾಲೆ, ಎಡಕ್ಕೆ ದೇವರ ಕೋಣೆ, ಬಲಕ್ಕೆ ರೇಷ್ಮೆಹುಳದ ಕೋಣೆ, ಹಿಂದೆ ಅಡುಗೆಮನೆ. ಅದನ್ನು ದಾಟಿದರೆ ಹಿತ್ತಲು. ಅಲ್ಲಿ ಚಪ್ಪರದಡಿ ಒರಳು, ಅದಕ್ಕಂಟಿದಂತೆ ಬಚ್ಚಲು, ಬಚ್ಚಲಲ್ಲಿ ತಾಮ್ರದ ಹಂಡೆ ಹೂತ ದೊಡ್ಡ ಒಲೆ. ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಒಂದೇ ಕೋಣೆ ಹುಳಗಳದ್ದು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡಿದ್ದೆವು. ಅಜ್ಜಿ ಬಾಯಿಯ ಎಲೆಅಡಿಕೆ ಉಗಿದು, ಮುಕ್ಕಳಿಸಿ, ಕಾಲು ತೊಳೆದು ಆ ಕೋಣೆಗೆ ಕಾಲಿಡುತ್ತಿದ್ದಳು. ದೇವರ ಕೋಣೆಗೂ ಅವಳು ಅಷ್ಟು ಮರ್ಯಾದೆ ಕೊಟ್ಟವಳಲ್ಲ. ಹಿತ್ತಲ ಬೇಲಿಯಾಚೆ ನಮ್ಮ ರಾಗಿ ಹೊಲ. ಹೊಲದ ನಡುವೆ ಕರಿಕಲ್ಲಿನ ಒಂದು ದಿಣ್ಣೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ಹಾದು ಪಕ್ಕದವರ ಹೊಲಕ್ಕೂ ಹೋಗಿತ್ತು. ಅದರ ಎರಡೂ ಬದಿಗೆ ಇದ್ದದ್ದು ಬೂದುಬಿಳಿ ಕಲ್ಲು. ಉಳುವಾಗ ಪ್ರತಿ ಸಾಲಿಗೂ ಅಲ್ಲಿ ನೇಗಿಲು ಎತ್ತಿ ಆಚೆ ಇಳಿಸಬೇಕಾಗಿದ್ದರಿಂದ ಅಪ್ಪ ಆ ದಿಣ್ಣೆಯನ್ನು ದಿನವೂ ಬೈಯುತ್ತಿದ್ದ. ಬೈದರೂ ನಮ್ಮ ಹೊಸಿಲು, ಒಗೆಯುವ ಕಲ್ಲು, ಒರಳು, ಗುಂಡು ಎಲ್ಲವೂ ಆ ದಿಣ್ಣೆಯವೇ. ನಾವು ಹೊಟ್ಟೆಗೆ ಹಾಕಿಕೊಂಡ ಖಾರದಲ್ಲೆಲ್ಲ ಅದರ ಒಂದಿಷ್ಟು ಪುಡಿ ಇದ್ದಿರಬೇಕು.

ಮನೆ ನಡೆಯುತ್ತಿದ್ದುದು ಅಜ್ಜಿಯ ಮಾತಿನ ಮೇಲೆ. ಅವಳ ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಬೈದು ಮುಗಿಸುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಮುದ್ದೆ ಬಿದ್ದಿರುತ್ತಿತ್ತು. ಆದರೆ ಸೊಸೆಯರ ಲೆಕ್ಕ ಬೇರೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ. ಅಜ್ಜಿಗೆ ಸೊಸೆಯರು ಬಡಿಸಬೇಕು, ಅವಳು ಕೈ ತೊಳೆದ ಮೇಲೆ ಅವರು ಉಳಿದದ್ದನ್ನು ತಾವೇ ಹಾಕಿಕೊಂಡು ಉಣ್ಣಬೇಕು. ಅವಳ ಅತ್ತೆಯೂ ಅವಳಿಗೆ ಬಡಿಸಿರಲಿಲ್ಲವಂತೆ. ದೊಡ್ಡ ಸೊಸೆ ನಮ್ಮವ್ವ. ಚಿಕ್ಕ ಸೊಸೆ ಶಿವಮ್ಮ, ನನ್ನ ಚಿಕ್ಕವ್ವ. ರಾಮಾಪುರದವಳು, ಕಾಡಿನಂಚಿನ ಊರಿನಲ್ಲಿ ಬೆಳೆದವಳು. ಉದ್ದುದ್ದ ಹೆಜ್ಜೆ ಹಾಕಿ ನಡೆಯುತ್ತಿದ್ದಳು ಅಂತ ಅಜ್ಜಿಗೆ ಸಿಟ್ಟು. ಅವರ ಹೊಲಕ್ಕೆ ಆನೆ ಬಂದಾಗ ಅವಳಪ್ಪ ತಗಡಿನ ಡಬ್ಬ ಬಡಿಯುತ್ತ ಮರದ ಮೇಲೇ ನಿದ್ದೆ ಹೋದ ಕತೆಯನ್ನು ನನಗೆ ಹತ್ತು ಸಲ ಹೇಳಿದ್ದಳು. ಚಿಕ್ಕಪ್ಪ ಯಳಂದೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ಅಲ್ಲೇ ಕೋಣೆ ಮಾಡಿಕೊಂಡಿದ್ದ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದ. ಹಾಗಾಗಿ ವಾರವೆಲ್ಲ ಚಿಕ್ಕವ್ವನ ಪಕ್ಕದ ಚಾಪೆ ನನ್ನದು. ಒಮ್ಮೆ ಬಸುರಾಗಿ ಅದು ನಿಂತಿರಲಿಲ್ಲ. ಈಗ ಎರಡನೆಯದು, ಏಳು ತುಂಬಿತ್ತು. ಅಜ್ಜಿ ಅವಳನ್ನು ಹುಳದ ಕೋಣೆಯ ಬಗ್ಗುವ ಏಳುವ ಕೆಲಸದಿಂದ ಬಿಡಿಸಿ, ಅಡುಗೆಮನೆಗೂ ಬಚ್ಚಲ ಒಲೆಗೂ ಹಾಕಿದ್ದಳು.

ಹೀಗಿರುವಾಗ ಒಂದು ದಿನ ಜೀಪು ಬಂತು. ಇಳಿದವನ ಕೈಯಲ್ಲಿ ಸುತ್ತಿಗೆ, ಹೆಗಲಿಗೆ ಚೀಲ. ಸೀದಾ ಹೊಲಕ್ಕೆ ಹೋಗಿ ದಿಣ್ಣೆಯ ಒಂದು ಚೂರು ಒಡೆದು, ನೆಕ್ಕಿ, ಕಣ್ಣಿಗೆ ಗಾಜು ಹಿಡಿದು ನೋಡತೊಡಗಿದ. ಜೀಪಿನಲ್ಲಿ ಬಂದವರೆಲ್ಲ ಅಪ್ಪನ ಪಾಲಿಗೆ ಭೂಮಿ ಅಳೆಯುವ ಸರ್ವೆಯವರೇ. ಓಡಿ ಹೋಗಿ ಕೈ ಕಟ್ಟಿ ನಿಂತ.

“ನಮ್ ಒಲ ಎಲ್ಲಾ ಸರ್ಯಾಗೇ ಅದೆ ಸಾ. ಒಂದಡಿ ಆಚೆಗೋಗಿಲ್ಲ.”

“ಹೊಲ ಅಳೆಯೋಕೆ ಬಂದಿಲ್ಲ ಯಜಮಾನ್ರೇ. ಕಲ್ಲು ನೋಡೋಕೆ ಬಂದೆ.”

“ಕಲ್ಲಲ್ಲೇನದೆ ಸಾ ನೋಡಕ್ಕೆ?”

“ಇದು ಒಂದು ಕಾಲದಲ್ಲಿ ಪಾಕ ಆಗಿತ್ತು. ನೆಲದೊಳಗೆ ಕೊತಕೊತ ಕುದೀತಿತ್ತು. ಭೂಮಿ ಸೀಳು ಬಿಟ್ಟಾಗ ಆ ಸಂದಿಯೊಳಗೆ ಏರಿ ಬಂದು ಅಲ್ಲೇ ಆರಿ ಗಟ್ಟಿಯಾಯ್ತು.”

ಅಪ್ಪ ಹೂಂ ಅಂದ. ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸಿದ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅವ್ವನಿಗೆ ಹೇಳಿದ.

“ಬಿಸ್ಲಲ್ಲಿ ತಿರ್ಗಿ ತಿರ್ಗಿ ತಲೆ ಕೆಟ್ಟದೆ ಪಾಪ. ನೆಟ್ಟಗೆ ಮಜ್ಗೆ ಕುಡ್ಯೋರೂ ಇಲ್ಲ ಅನ್ಸತ್ತೆ ಮನೇಲಿ.”

ನನಗೆ ಮಾತ್ರ ಅವನ ತಲೆ ಕೆಟ್ಟಂತೆ ಕಾಣಲಿಲ್ಲ. ಪಾಕ ಅಂದರೆ ಏನು ಅಂತ ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿದು ಕುದಿದು ಪಾಕವಾಗಿ, ಅಚ್ಚಿಗೆ ಬಿದ್ದು ಬೆಲ್ಲವಾಗುವುದನ್ನು ಕಂಡವರು ನಾವು. ಅದೇ ಬೆಲ್ಲದ ಅಚ್ಚನ್ನು ಅಜ್ಜಿ ಬಾಣಲೆಗೆ ಹಾಕಿ ಒಲೆಗಿಟ್ಟರೆ ಮತ್ತೆ ಪಾಕ. ಬೆಲ್ಲ ಕರಗುವುದಾದರೆ ಕಲ್ಲೂ ಕರಗಬೇಕಲ್ಲ. ಈಗಲೇ ಹೇಳಿಬಿಡುತ್ತೇನೆ, ಈ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಬಿಸಿಯ ಅಳತೆಯೊಂದು ಗೊತ್ತಿರಲಿಲ್ಲ, ಅಷ್ಟೇ. ಮೊದಲು ದಿಣ್ಣೆಯ ಸಣ್ಣ ಚೂರುಗಳನ್ನು ಅಡುಗೆ ಒಲೆಗೆ ತೂರಿದೆ. ಒಂದು ಚೂರು ಸಿಡಿದು ಅವ್ವನ ಪಾದಕ್ಕೆ ಬಿತ್ತು, ನನಗೆ ಸೌಟಿನ ಏಟು ಬಿತ್ತು. ಸಣ್ಣವು ಸಿಡಿಯುತ್ತವೆ, ದೊಡ್ಡದು ಸಿಡಿಯಲಾರದು ಅಂತ ಯೋಚಿಸಿದೆ. ದೊಡ್ಡದೆಂದರೆ ಹೊಸಿಲು, ಒಗೆಯುವ ಕಲ್ಲು. ಅವು ನೆಲಕ್ಕೆ ಕಚ್ಚಿಕೊಂಡಿದ್ದವು. ನನ್ನ ಕೈಯಲ್ಲಿ ಉರುಳುವ ಕರಿಕಲ್ಲು ಇಡೀ ಮನೆಯಲ್ಲಿ ಒಂದೇ ಇತ್ತು.

ಹುಳ ಹಣ್ಣಾಗುವ ದಿನ ನಮ್ಮ ಮನೆಯಲ್ಲಿ ಯಾರ ಮೇಲೂ ಯಾರಿಗೂ ಗಮನ ಇರುತ್ತಿರಲಿಲ್ಲ. ಮೈ ಹಳದಿಗೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ತಡವಾದರೆ ದಾರ ಹಾಳು. ಅಪ್ಪ, ಅವ್ವ, ಅಜ್ಜಿ ಬೆಳಗಿನಿಂದ ಒಳಗೇ ಇದ್ದರು, ನನ್ನನ್ನು ಶಾಲೆಗೆ ಕಳಿಸುವುದೂ ಅವರಿಗೆ ನೆನಪಿರಲಿಲ್ಲ. ಚಿಕ್ಕವ್ವ ಎಲ್ಲರ ಸ್ನಾನಕ್ಕೆ ನೀರು ಕಾಯಲೆಂದು ಬಚ್ಚಲ ಒಲೆಗೆ ಹಿಪ್ಪುನೇರಳೆಯ ಒಣಗಡ್ಡಿ ತುಂಬಿ, ಅಡುಗೆಗೆ ಹೋದಳು. ನಾನು ಗುಂಡಪ್ಪನನ್ನು ಒರಳಿನಿಂದ ಎತ್ತಿ ತಬ್ಬಿಕೊಂಡು, ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡು, ಒಲೆಯೊಳಗೆ ಉರುಳಿಸಿದೆ. ಮೇಲೆ ಸೌದೆ ಹೇರಿದೆ. ಊಟದ ಹೊತ್ತಿನವರೆಗೂ ಎಷ್ಟು ಸಲ ಬಗ್ಗಿ ನೋಡಿದೆನೋ, ಹುಬ್ಬಿನ ಕೂದಲು ಸುಟ್ಟುಕೊಂಡಿದ್ದೇ ಬಂತು. ಗುಂಡಪ್ಪ ಕರಗಲಿಲ್ಲ, ಬೆವರಲೂ ಇಲ್ಲ. ಸೋತು, ಕೋಲಿನಿಂದ ಎಳೆದು ಹೊರಗೆ ಹಾಕಿದೆ. ಸ್ನಾನಕ್ಕೆ ಅವರೆಲ್ಲ ಬರುವ ಮೊದಲು ಆರಬೇಕಲ್ಲ ಅಂತ ತೊಟ್ಟಿಯ ತಣ್ಣೀರನ್ನು ಎರಡು ಚೊಂಬು ಸುರಿದೆ. ಬುಸ್ಸೆಂದು ಆವಿ ಎದ್ದಿತು. ಅದರೊಳಗೆ ಟಿಂಗ್ ಅಂತ ಒಂದು ಸಣ್ಣ ಸದ್ದು ಕೇಳಿಸಿತು. ತೆಂಗಿನ ನಾರಿನಿಂದ ಮಸಿ ಉಜ್ಜಿ ತೊಳೆದು, ಮತ್ತೆ ಒರಳಿಗೆ ಇಳಿಸಿ, ಆಟಕ್ಕೆ ಓಡಿದೆ.

ಮರುದಿನ ಬೆಳಗ್ಗೆ ಚಿಕ್ಕವ್ವ ಖಾರ ರುಬ್ಬಲು ಕೂತಳು. ನಾಲ್ಕು ಸುತ್ತು ತಿರುಗಿಸಿರಬೇಕು. ಗುಂಡು ಅವಳ ಕೈಯಲ್ಲೇ ಎರಡು ಹೋಳಾಗಿ ಬಿಚ್ಚಿಕೊಂಡಿತು. ಸದ್ದಿಗೆ ಅಜ್ಜಿ ಹಿತ್ತಲಿಗೆ ಬಂದಳು. ನೋಡಿದವಳೇ ಚಪ್ಪರದ ಕಂಬ ಹಿಡಿದುಕೊಂಡು ಮನೆದೇವರನ್ನು ಕರೆದಳು.

“ಮಾದಪ್ಪ, ಇದೇನಾಗೋಯ್ತು.”

“ನಾನೇನೂ ಮಾಡ್ನಿಲ್ಲ ಅತ್ತೆ. ರುಬ್ತಾ ಇದ್ದೆ, ತಾನಾಗೇ ಬಿಟ್ಕಂತು.”

“ತಾನಾಗೇ ಬಿಟ್ಕಳಕ್ಕೆ ಅದೇನು ಬಾಳೆಅಣ್ಣ? ನಮ್ಮತ್ತೆ ಕಾಲದಿಂದ್ಲೂ ಇದ್ದ ಕಲ್ಲು. ಈ ಮನೇಲುಟ್ಟಿದ ಎಲ್ಲಾ ಕೂಸ್ಗೂ ಮುಂಚೆ ಮಲಗಿದ್ದ ಕಲ್ಲು. ಬಸ್ರಿ ಕೈಲಿ ಒಡ್ದದೆ ಅಂದ್ರೆ ಏನವ್ವ ಅರ್ಥ?”

ಹೋಳುಗಳನ್ನು ಅಜ್ಜಿ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯ ಮೂಲೆಗಿಟ್ಟಳು. ಅಜ್ಜಿಯನ್ನು ಕೆಟ್ಟವಳೆಂದು ತಿಳಿಯಬಾರದು. ಮೊದಲ ಬಸುರು ಹೋದಾಗ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತವಳು ಅವಳೇ. ಈಗ ಹೆದರಿದ್ದಳು, ಹೆದರಿದಾಗ ಅವಳ ಬಾಯಿ ಹರಿತವಾಗುತ್ತಿತ್ತು. ಸಂಜೆ ಅಪ್ಪನಿಗೆ ತೀರ್ಪು ಹೇಳಿದಳು.

“ಸೋಮ್ವಾರ ರಾಮಾಪುರಕ್ಕೆ ಕಳ್ಸಿಬುಡಿ. ಮಡ್ಲಕ್ಕಿ ಈಗ ಬ್ಯಾಡ. ಕೂಸು ಉಟ್ಟಿ ನೆಟ್ಟಗಿದ್ರೆ ಆಮೇಲ್ ನೋಡನ.”

ಬಾಣಂತನಕ್ಕೆ ತವರಿಗೆ ಹೋಗುವುದು ಎಲ್ಲರಿಗೂ ಇದ್ದದ್ದೇ. ಆದರೆ ಹೊರಡುವಾಗ ಅತ್ತೆ ಸೊಸೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಕಳಿಸಬೇಕು. ಬರಿಮಡಿಲಲ್ಲಿ ಬಸ್ಸು ಇಳಿದ ಮಗಳನ್ನು ನೋಡಿ ತವರಿನವರು ಏನು ತಿಳಿಯಬೇಕು? ಮತ್ತೆ ಕರೆಸುತ್ತಾರೆಂಬ ನಂಬಿಕೆ ಅವರಿಗೂ ಇರುವುದಿಲ್ಲ, ಅವಳಿಗೂ ಇರುವುದಿಲ್ಲ. ಚಿಕ್ಕವ್ವ ಆ ರಾತ್ರಿಯಿಂದ ಉಣ್ಣುವುದನ್ನು ಬಿಟ್ಟಳು. ಮುದ್ದೆ ಹಾಕಿಕೊಂಡು ಬೆರಳಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಿ, ದನದ ಬಾನಿಗೆ ಹಾಕಿ ಬರುತ್ತಿದ್ದಳು. ಅವಳು ಅವ್ವನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

“ಅಕ್ಕ, ನೆನ್ನೆಯಿಂದ ಅಲ್ಲಾಡ್ತಾನೇ ಇಲ್ಲ.”

“ಮಲಗಿರ್ತದೆ ಕಣವ್ವ. ನೀನು ಒಸಿ ಉಣ್ಣು.”

“ಕಲ್ಲೇ ಒಡ್ದೋಯ್ತು. ಇನ್ನು ಇದೆಲ್ಲುಳೀತದೆ.”

ನಾನು ಬಾಯಿ ಬಿಡಲಿಲ್ಲ ಅಂದೆನಲ್ಲ, ಏಟಿಗೆ ಹೆದರಿ ಅಂತ ಓದುವವರು ತಿಳಿಯಬಹುದು. ಏಟು ನನಗೆ ಹೊಸದಾಗಿರಲಿಲ್ಲ. ನಿಜ ಏನೆಂದರೆ ಅಜ್ಜಿ ನಂಬಿದ್ದನ್ನು ನಾನೂ ಪೂರ್ತಿ ನಂಬಿದ್ದೆ. ಗುಂಡಪ್ಪನಿಗೆ ಆದದ್ದು ಕೂಸಿಗೂ ಆಗುತ್ತದೆ. ಗುಂಡಪ್ಪನನ್ನು ಬೆಂಕಿಗೆ ಹಾಕಿದವಳು ನಾನು. ಹಾಗಾದರೆ ಚಿಕ್ಕವ್ವನ ಹೊಟ್ಟೆಯಲ್ಲಿ ಅಲ್ಲಾಡದೆ ಮಲಗಿರುವುದನ್ನು ಕೊಂದವಳೂ ನಾನೇ. ಒಂಬತ್ತು ವರ್ಷದ ಹುಡುಗಿ ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನವೂ ಶಾಲೆಗೆ ಹೋಗಿ ಬಂದಳು, ಮಗ್ಗಿ ಒಪ್ಪಿಸಿದಳು, ಅದೇ ಚಾಪೆಯ ಮೇಲೆ ಅದೇ ಹೊಟ್ಟೆಯ ಪಕ್ಕ ಮಲಗಿದಳು. ಆಮೇಲಿನ ವರ್ಷಗಳಲ್ಲಿ ಹೊಗೆಯಾಡುವ ಬೆಟ್ಟಗಳ ಬಾಯಂಚಿನಲ್ಲಿ ನಿಂತಿದ್ದೇನೆ, ಕಾಲಡಿಯ ನೆಲ ನಡುಗಿದ್ದನ್ನು ಕಂಡಿದ್ದೇನೆ. ಆ ವಾರದಷ್ಟು ಹೆದರಿಕೆ ಯಾವ ಬೆಟ್ಟವೂ ನನಗೆ ಹುಟ್ಟಿಸಿಲ್ಲ.

ಶನಿವಾರ ಚಿಕ್ಕಪ್ಪ ಬಂದ, ಸಂಗತಿ ತಿಳಿದ, ಅಜ್ಜಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಸೈಕಲ್ಲು ಒರೆಸುತ್ತ ಕೂತ. ಭಾನುವಾರ ಚಿನ್ನಸ್ವಾಮಿ ಬಂದ. ಹನೂರಿನ ಆಚೆಯ ಕಲ್ಲುಕುಟಿಗ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ನುಣುಪಾದ ಒರಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಲು ವರ್ಷಕ್ಕೊಮ್ಮೆ ಬರುತ್ತಿದ್ದವನನ್ನು ಅಪ್ಪ ಹೊಸ ಗುಂಡಿಗಾಗಿ ಹೇಳಿಕಳಿಸಿ ಕರೆಸಿದ್ದ. ಅಳತೆಗೆ ಹಳೆಯದು ಬೇಕು ಅಂದಾಗ ಅಜ್ಜಿ ಒಲ್ಲದ ಮನಸ್ಸಿನಿಂದ ಬಟ್ಟೆಯ ಗಂಟು ತಂದು ಜಗುಲಿಯ ಮೇಲೆ ಬಿಚ್ಚಿದಳು. ಚಿನ್ನಸ್ವಾಮಿ ಒಂದು ಹೋಳನ್ನು ಅಂಗೈ ಮೇಲಿಟ್ಟು ಉಳಿಯ ಹಿಂಬದಿಯಿಂದ ತಟ್ಟಿದ. ಒಳ್ಳೆಯ ಕರಿಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಇದು ಹಸಿ ಮಡಕೆಯ ಹಾಗೆ ಡಬ್ ಅಂತು. ಒಡೆದ ಮುಖವನ್ನು ಬಿಸಿಲಿಗೆ ತಿರುಗಿಸಿದ. ಉಗುರಿನಿಂದ ಅಂಚನ್ನು ಕೆರೆದು ಬೆರಳು ಮೂಸಿದ.

“ಅಮ್ಮಾ, ಇದು ತಾನಾ ಒಡ್ದಿಲ್ಲ. ಬೆಂದದೆ.”

“ಬೆಂದದೆ ಅಂದ್ರೆ?”

“ಬೆಂಕೀಲಿ ಆಕವ್ರೆ. ಆಮೇಲೆ ತಣ್ಣೀರ್ ಉಯ್ದವ್ರೆ. ನಾವು ಬಂಡೆ ಎಬ್ಸೋದೂ ಇಂಗೇ. ಮೇಲೆ ಸೌದೆ ಉರ್ಸಿ ನೀರ್ ಉಯ್ದ್ರೆ ಬಾಯ್ ಬುಡ್ತದೆ. ನೋಡಿ, ಸಿಪ್ಪೆ ಕೆಂಪಗಾಗದೆ, ಒಳ್ಗೆ ಕರ್ರಗೇ ಅದೆ. ಬಿರುಕೊಳ್ಗೆ ಬೂದಿ ನಿಂತದೆ. ಒರಳಲ್ಲಿರೋ ಕಲ್ಗೆ ಬೂದಿ ಎಲ್ಲಿಂದ ಬತ್ತದೆ?”

ಕಲ್ಲಿನ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದು, ಅದಕ್ಕಿಂತ ಒಳ್ಳೆಯದನ್ನು ಆಮೇಲೂ ಕೇಳಿಲ್ಲ. ಒಡೆದ ಮುಖದ ಬಣ್ಣ ನೋಡು, ಅಂಚು ನೋಡು, ನಡು ನೋಡು. ಅದು ಎಷ್ಟು ಬಿಸಿ ಕಂಡಿದೆ, ಎಷ್ಟು ಬೇಗ ಆರಿದೆ ಅಂತ ಅದೇ ಹೇಳುತ್ತದೆ. ನಾನು ಬರೆದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಇಷ್ಟೇ ಇದೆ, ಸೂಕ್ಷ್ಮದರ್ಶಕ ಸೇರಿಕೊಂಡಿದೆ ಅಷ್ಟೇ. ಆದರೆ ಆ ಹೊತ್ತಿನಲ್ಲಿ ಚಿನ್ನಸ್ವಾಮಿಯ ಮಾತು ಯಾರನ್ನೂ ಉಳಿಸಲಿಲ್ಲ, ಇನ್ನಷ್ಟು ಕೆಡಿಸಿತು. ಅಲ್ಲಿಯವರೆಗೆ ವಿಧಿಯ ಮೇಲಿದ್ದ ತಪ್ಪು ಈಗ ಮನುಷ್ಯರ ಮೇಲೆ ಬಿತ್ತು. ಅಜ್ಜಿ ಬಾಗಿಲಲ್ಲಿ ನಿಂತಿದ್ದ ಚಿಕ್ಕವ್ವನ ಕಡೆ ನಿಧಾನವಾಗಿ ತಿರುಗಿದಳು.

“ಉಳ ಅಣ್ಣಾದ ದಿನ ನಾವೆಲ್ಲಾ ಉಳದ ಮನೇಲಿದ್ವಿ. ಬಚ್ಚಲೊಲೆ ಅತ್ರ ಇದ್ದೋಳು ನೀನೇ ಅಲ್ವೇನವ್ವ?”

“ನಾನ್ಯಾಕ್ ಸುಡ್ಲಿ ಅತ್ತೆ. ನನ್ ಕೂಸ್ನ ಕಲ್ಲು ಅದು.”

“ಮತ್ತೆ ಅದೇ ನಡ್ಕೊಂಡೋಗಿ ಒಲೇಲಿ ಕೂತ್ಕಂತಾ?”

ಚಿಕ್ಕವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕೂತಳು. ಚಿಕ್ಕಪ್ಪ ಒರೆಸುವ ಬಟ್ಟೆ ಕೈಲಿ ಹಿಡಿದೇ ಎದ್ದು ನಿಂತ. ಅಪ್ಪ ನೆಲ ನೋಡಿದ. ಆಗ ಮಾತಾಡಿದ್ದು ನಾನು. ಧೈರ್ಯ ಬಂದು ಮಾತಾಡಿದೆ ಅಂತ ಹೇಳಿಕೊಳ್ಳಲಾರೆ. ಆರು ದಿನ ಅದುಮಿ ಹಿಡಿದದ್ದು ಬಾಯಿಗೆ ಬಂದುಬಿಟ್ಟಿತು.

“ನಾನು. ನಾನಾಕಿದ್ದು ಒಲೇಗೆ.”

ಎಲ್ಲರೂ ನನ್ನತ್ತ ತಿರುಗಿದರು.

“ಏನಂದೆ ಮಾದೇವಿ?” ಅಪ್ಪ ಕೇಳಿದ.

“ಉಳ ಅಣ್ಣಾದ ದಿನ. ಪಾಕ ಆಯ್ತದೆ ಅಂದ್ಕಂಡಿದ್ದೆ. ಜೀಪಿನ ಸಾಯ್ಬ್ರು ಏಳಿದ್ರಲ್ಲ. ಆಮೇಲೆ ತಣ್ಣಗಾಗ್ಲಿ ಅಂತ ನೀರ್ ಉಯ್ದೆ. ಚಿಕ್ಕವ್ವಂಗೆ ಗೊತ್ತಿಲ್ಲ. ಕೂಸ್ನ ಸಾಯ್ಸಿದ್ದು ನಾನು.”

ಹೇಳಿ ಕಣ್ಣು ಮುಚ್ಚಿಕೊಂಡೆ. ಏಟು ಬರಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ಜಗುಲಿಯ ಅಂಚಿನಲ್ಲಿ ಕೂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

“ಅಷ್ಟೇಯಾ,” ಅಂದಳು ದೇವರ ಕೋಣೆಯ ಕಡೆ ಮುಖ ಮಾಡಿ. “ಮಾದಪ್ಪ, ಅಷ್ಟೇಯಾ. ಈ ಕೋತಿಮುಂಡೇದು ಕಲ್ಲು ಬೇಯ್ಸಕ್ಕೋಯ್ತಾ? ನಾನು ನೀನೇ ಮುನ್ಸ್ಕಂಡಿದ್ದೀಯ ಅಂತ ಆರು ದಿನದಿಂದ ನೆಟ್ಟಗೆ ನೀರೂ ಕುಡೀನಿಲ್ಲ ಕಣಪ್ಪ.”

ಆಮೇಲೆ ಎದ್ದು ಬಂದು ನನ್ನ ಬೆನ್ನಿಗೆ ಒಂದು ಬಿಟ್ಟಳು, ಲೆಕ್ಕಕ್ಕೆ. ಅದು ಬಿದ್ದ ಕೂಡಲೇ ನಾನು ಜೋರಾಗಿ ಅತ್ತೆ. ನೋವಿಗಲ್ಲ. ಕೂಸನ್ನು ಕೊಂದವಳಿಗೆ ಯಾರೂ ಅಷ್ಟು ಹಗುರವಾಗಿ ಹೊಡೆಯುವುದಿಲ್ಲ ಅಂತ ನನಗೂ ಅರ್ಥವಾಗಿತ್ತು. ಚಿನ್ನಸ್ವಾಮಿ ಹೋಳುಗಳನ್ನು ಪಕ್ಕಕ್ಕಿಟ್ಟು, ಬೆಂಕಿ ಕಂಡ ಕಲ್ಲು ಬ್ಯಾರೆ, ಕೂಸು ಬ್ಯಾರೆ, ಎರಡ್ಕೂ ಏನಮ್ಮಾ ಸಂಬಂಧ ಅಂದ. ಅಷ್ಟು ಸಣ್ಣ ಮಾತಿಗೆ ಮನೆ ಉಸಿರು ಬಿಟ್ಟಿತು. ಎದೆಯ ಮೇಲಿಂದ ಒರಳನ್ನೇ ಎತ್ತಿ ಕೆಳಗಿಟ್ಟ ಹಾಗಾಯಿತು ನನಗೆ. ಮುಂದೆ ಎಷ್ಟೋ ಕಡೆ, ಬೆಟ್ಟ ಗುಡುಗಿದಾಗ ಬೂದಿ ಬಿದ್ದಾಗ, ಯಾರದೋ ಪಾಪದಿಂದ ಆಯಿತೆಂದು ಊರವರು ಪಿಸುಗುಟ್ಟುವುದನ್ನು ಕೇಳಿದ್ದೇನೆ. ಅಲ್ಲೆಲ್ಲ ನಾನು ಮಾಡಿದ್ದು ಚಿನ್ನಸ್ವಾಮಿಯ ಕೆಲಸವನ್ನೇ. ಕಲ್ಲಿಗೆ ಏನಾಯಿತು ಅಂತ ಹೇಳುವುದು, ಅದರಲ್ಲಿ ಯಾವ ಹೆಂಗಸಿನ ಕೈಯೂ ಇಲ್ಲ ಅಂತ ಹೇಳುವುದು. ಕೇಳಿದವರ ಮುಖ ಸಡಿಲವಾಗುವುದನ್ನು ನೋಡುವ ಆಸೆಗೇ ಇಷ್ಟು ವರ್ಷ ದುಡಿದೆನೇನೋ ಅನ್ನಿಸುತ್ತದೆ.

ಸೋಮವಾರ ಅಜ್ಜಿ ಚಿಕ್ಕವ್ವನ ಮಡಿಲಿಗೆ ಅಕ್ಕಿಯನ್ನು ಎಷ್ಟು ಸುರಿದಳೆಂದರೆ ಸೆರಗು ಸಾಲದೆ ಚೀಲ ತರಬೇಕಾಯಿತು. ಬಸ್ ಹತ್ತಿಸಲು ತಾನೇ ರಸ್ತೆಯವರೆಗೂ ಬಂದಳು. ಎರಡು ತಿಂಗಳಿಗೆ ಗಂಡು ಹುಟ್ಟಿತು. ಆ ತಮ್ಮ ಈಗ ಕಾಮಗೆರೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ, ಹೊಟ್ಟೆ ಬಂದಿದೆ, ನನ್ನನ್ನು ಕಂಡಾಗಲೆಲ್ಲ, ಅಕ್ಕ, ನೀನು ಸಾಯಿಸಿದವನು ಬಂದಿದ್ದೀನಿ, ಕಾಫಿ ಕೊಡು ಅನ್ನುತ್ತಾನೆ. ಅಷ್ಟು ತಮಾಷೆಯಾಗಿ ಉಳಿಯಿತಲ್ಲ ಆ ವಾರ, ಅದೇ ನನ್ನ ಪುಣ್ಯ.

ಆದರೆ ನಾನು ಹೇಳಹೊರಟಿದ್ದು ಆ ಭಾನುವಾರದ ಮಧ್ಯಾಹ್ನವನ್ನು. ಚಿನ್ನಸ್ವಾಮಿ ಉಂಡು ಹೊರಟಿದ್ದ. ಮನೆಯ ಗಂಡಸರ ಊಟವೂ ಆಗಿತ್ತು. ನನಗೆ ಆ ಹೊತ್ತಿನ ಊಟ ಇಲ್ಲ ಅಂತ ಅಪ್ಪ ಶಿಕ್ಷೆ ಹಾಕಿದ್ದರಿಂದ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದೆ. ಅವ್ವ ಅಜ್ಜಿಗೆ ತಟ್ಟೆ ಹಾಕಿದಳು. ಅಜ್ಜಿ ಆ ತಟ್ಟೆಯನ್ನು ಎತ್ತಿ ಚಿಕ್ಕವ್ವನ ಮುಂದಿಟ್ಟಳು. ಮುದ್ದೆ ಇಟ್ಟಳು, ನಡುವೆ ಗುಂಡಿ ಮಾಡಿ ಅವರೆಕಾಳಿನ ಸಾರು ಬಿಟ್ಟಳು, ಮೇಲೆ ತುಪ್ಪ ಹಾಕಿದಳು. ಅವ್ವನ ಕೈಯ ಸೌಟು ಅಲ್ಲೇ ನಿಂತಿತು. ಆ ಮನೆಯಲ್ಲಿ ಅತ್ತೆ ಸೊಸೆಗೆ ಬಡಿಸಿದ್ದನ್ನು ಅವಳೂ ಅವತ್ತೇ ಮೊದಲು ನೋಡಿದ್ದು.

“ಉಣ್ಣು ಮಗ,” ಅಜ್ಜಿ ಅಂದಳು. “ನಾನು ಅಂದಿದ್ದೆಲ್ಲಾ ಒಟ್ಟೇಲಿ ಮಡಿಕೋಬ್ಯಾಡ. ಅಲ್ಲಿ ಜಾಗ ಇಲ್ಲ ಈಗ.”

ಚಿಕ್ಕವ್ವ ತಲೆ ಎತ್ತದೆ ಉಂಡಳು. ಎರಡನೆಯ ತುತ್ತಿಗೆ ಹಸಿವು ಅವಳನ್ನು ಗುರುತು ಹಿಡಿಯಿತು. ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದಳು. ಅಜ್ಜಿ ಸಾರಿನ ಪಾತ್ರೆ ತರಲು ಅತ್ತ ತಿರುಗಿದಾಗ, ತನ್ನ ತಟ್ಟೆಯಿಂದ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ, ಮೂಲೆಯಲ್ಲಿದ್ದ ನನ್ನ ಕಡೆ ಕೈ ಚಾಚಿದಳು. ನಾನು ಹತ್ತಿರ ಸರಿದು ಬಾಯಿ ತೆರೆದೆ. ಅವಳ ಮುಖ ನನ್ನ ಕಿವಿಯ ಹತ್ತಿರ ಬಂತು. ಬೈಯುತ್ತಾಳೆ ಅಂದುಕೊಂಡೆ, ಬೈಯಬೇಕಾಗಿತ್ತು ಕೂಡ.

“ಅಮ್ಮಿ,” ಅಂದಳು ಮೆಲ್ಲಗೆ, “ಒಸಿನಾದ್ರೂ ಕರಗ್ತಾ?”

ಬಾಯಿ ತುಂಬ ಮುದ್ದೆ ಇದ್ದುದರಿಂದ ಇಲ್ಲವೆಂದು ತಲೆ ಆಡಿಸಿದೆ.

“ಯಾಕಂತೆ?”

ಅಷ್ಟು ರಾದ್ಧಾಂತವಾದ ಆ ಮನೆಯಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.